ಕಳ್ಳಂಬೆಳ್ಳದ ದಿಗ್ಬಂಧನ

ನೌಕಾ ಪ್ರಧಾನ ಕಚೇರಿ, ಕಳ್ಳಂಬೆಳ್ಳ
(ಅಂದರೆ ನಮ್ಮ ಹಿತ್ತಲಿನ ಒಗೆಯುವ ಕಲ್ಲು)
ಕಾರ್ತಿಕ ಸೋಮವಾರ

ಸಪ್ತಸಾಗರಗಳ ಕಾವಲುಗಾರ, ನಮ್ಮೂರ ಕೆರೆಗಿಳಿಯಲು ಮಾತ್ರ ಹೆದರುತ್ತಿದ್ದ ಮಹಾವೀರ ಮುತ್ತುರಾಜಣ್ಣನಿಗೆ ತಂಗಿ ವೇದಾವತಿಯ ಸಲ್ಯೂಟು.

ನಿನ್ನ ಹಡಗು ದಡ ಬಿಟ್ಟ ಮೇಲೆ ಫೋನು ಸಿಗುತ್ತಿಲ್ಲ. ಅದಕ್ಕೇ ನೌಕಾಪಡೆಯ ಅಂಚೆ ವಿಳಾಸಕ್ಕೆ ಈ ರಹಸ್ಯ ವರದಿ. ಹೊರಡುವಾಗ ನೀನು ಅವ್ವನಿಗೆ, ಕಾರವಾರದ ಉಗ್ರಾಣದಲ್ಲಿ ಅಕ್ಕಿಮೂಟೆ ನೋಡಿಕೊಳ್ಳುವ ಕೆಲಸ ಎಂದೆ. ನಿಜ ಹೇಳಿದ್ದು ನನಗೊಬ್ಬಳಿಗೆ: ಕೆಂಪು ಸಮುದ್ರದ ಇಕ್ಕಟ್ಟು ದಾರಿಯಲ್ಲಿ ಎಣ್ಣೆ ಹಡಗುಗಳಿಗೆ ಬೆಂಗಾವಲು, ಮೇಲಿನಿಂದ ಡ್ರೋನ್ ಯಾವಾಗ ಬಂದು ಬೀಳುತ್ತದೋ ಗೊತ್ತಿಲ್ಲ. "ಅವ್ವಂಗೆ ಗೊತ್ತಾದ್ರೆ ಅನ್ನ ಬುಟ್ಬುಡ್ತಾಳೆ ಕಣೇ" ಎಂದು ಆಣೆ ಹಾಕಿಸಿಕೊಂಡೆ.

ಆಣೆಯಂತೆ, ನಮ್ಮ ಮನೆಗೆ ಸುದ್ದಿ ಬರುವ ಜಲಮಾರ್ಗಗಳನ್ನೆಲ್ಲ ವಶಪಡಿಸಿಕೊಂಡಿದ್ದೇನೆ. ಕೇಬಲ್ ತಂತಿಗೆ ಕತ್ತರಿ ಹಾಕಿ, ಇಲಿ ಕಡಿದಿದೆ ಎಂದು ಸಾರಿದೆ. ಅವ್ವ ಆ ನಿರಪರಾಧಿ ಇಲಿಗೆ ವಂಶಸಮೇತ ಶಾಪ ಹಾಕಿದಳು. ಸರಿಮಾಡಲು ಬಂದ ಕೇಬಲ್ ಕಿರಣ್ ಕುಮಾರನನ್ನು ನಾಯಿ ಬಿಡುತ್ತೇನೆಂದು ಓಡಿಸಿದೆ. ನಮ್ಮಲ್ಲಿ ನಾಯಿ ಇಲ್ಲ.

ಪಕ್ಕದ ಮನೆಯ ಮುನಿಯಮ್ಮತ್ತೆಯ ಬಾಯಿ ನಿಮ್ಮ ಯಾವ ಕ್ಷಿಪಣಿಗೂ ಕಡಿಮೆಯಲ್ಲ. "ಅದ್ಯಾವ್ದೋ ಹಡಗಿಗೆ ಬೆಂಕಿ ಬಿತ್ತಂತಲ್ಲೇ, ನಿಮ್ಮಣ್ಣ ಎಲ್ಲವ್ನೆ?" ಎಂದರು. "ಅಕ್ಕಿಗೆ ಹುಳ ಬಿದ್ದದಂತೆ ಅತ್ತೆ, ಕೂತ್ಕೊಂಡು ಕೇರ್ತಾ ಅವ್ನೆ" ಎಂದೆ.

ಆದರೆ ದಿಗ್ಬಂಧನ ಹಾಕಿದವಳಿಗೂ ಸುದ್ದಿಯಿಲ್ಲ ಕಣೋ. ಹೆದ್ದಾರಿಯಲ್ಲಿ ಎಣ್ಣೆ ಟ್ಯಾಂಕರ್ ಬಂದರೆ ನಿಂತುಬಿಡುತ್ತೇನೆ. ಅದರೊಳಗಿನ ಎಣ್ಣೆ ನಿನ್ನ ಕಣ್ಣೆದುರೇ ದಾಟಿ ಬಂದದ್ದಿರಬಹುದಲ್ಲ. ಮೊನ್ನೆ ಒಬ್ಬ ಡ್ರೈವರ್ ಕೈ ಬೀಸಿದ. ನಾನೂ ಬೀಸಿದೆ, ನಿನಗೆ.

ನಿನ್ನ ತಟ್ಟೆಯಲ್ಲಿ ಈಗ ನಾನೇ ಉಣ್ಣುವುದು. ಯುದ್ಧದಲ್ಲಿ ಗೆದ್ದ ಸೊತ್ತು. ಬೇಕಿದ್ದರೆ ಬಂದು ಬಿಡಿಸಿಕೋ.

ಸೋಲನ್ನೇ ಅರಿಯದ ನಿನ್ನ ಅಡ್ಮಿರಲ್,
ವೇದು

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಸೋತೆ. ಕೆರೆ ಕೋಡಿ ಬಿದ್ದಿದೆ. ಅವ್ವ ಬಾಗಿನ ಬಿಡಲು ನನ್ನನ್ನೂ ಕರೆದೊಯ್ದಳು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆಯ ಪಕ್ಕ ನಿನಗಿಷ್ಟದ ಕಡಲೆಬೀಜದ ಉಂಡೆ. ನೀರಿಗೆ ಬಿಟ್ಟು, "ಗಂಗವ್ವ, ನೀನು ಹರ್ಕೊಂಡು ಸಮುದ್ರಕ್ಕೋಗೋಳು. ಆ ಇಕ್ಕಟ್ಟು ದಾರೀಲಿ ನನ್ ಮಗ ಅವ್ನೆ, ನೋಡ್ಕೊ" ಎಂದಳು.

"ನಿಂಗೆಂಗೆ ಗೊತ್ತಾಯ್ತವ್ವ?" ಎಂದೆ.

"ಇಲಿ ಕಡಿದ್ರೆ ತಂತಿ ಅಷ್ಟು ನೀಟಾಗಿರ್ತದೇನೇ? ಅವತ್ತಿಂದ ಮುನಿಯಮ್ಮನ ಮನೇಲೇ ಟಿವೀಲಿ ಆ ಹಡಗುಗಳ ಸುದ್ದಿ ನೋಡ್ತಿವ್ನಿ. ನಿನ್ ಅಕ್ಕಿಹುಳದ ಕತೆ ಹೇಳ್ಕೊಂಡು ಅವ್ಳು ಇನ್ನೂ ನಗ್ತಾಳೆ" ಎಂದಳು. ಆಮೇಲೆ ನನ್ನ ಕೈ ಹಿಡಿದು, "ನಂಗೊತ್ತು ಅಂತ ಅವ್ನಿಗೆ ಬರೀಬ್ಯಾಡ. ಅವ್ವ ನೆಮ್ಮದಿಯಾಗವ್ಳೆ ಅನ್ಕಂಡಿರ್ಲಿ" ಎಂದು ಅವಳೂ ಒಂದು ಆಣೆ ಹಾಕಿಸಿಕೊಂಡಳು.

ಆ ಆಣೆ ಮುರಿದು ಬರೆದಿದ್ದೇನೆ. ಅವ್ವ ಅನ್ನ ಬಿಟ್ಟಿಲ್ಲ ಅಣ್ಣ. ನೀನು ಮಾತ್ರ ಬಂದವನೇ ಅಕ್ಕಿಮೂಟೆಯ ಕಥೆಯನ್ನೇ ಹೇಳು. ನಾವಿಬ್ಬರೂ ನಂಬುತ್ತೇವೆ. ಬಾ.