ಎರಡು ಸಲ ಕಳೆದ ನಾರು

ಗದಗ, ಫೆಬ್ರವರಿ ೩೦, ೨೨೧೧

…ಅಥವಾ "ನಾರು ಲೆಕ್ಕಕ್ಕಿಲ್ಲ" ಎಂದಷ್ಟೇ ಹೇಳಿದ್ದಿರೋ ಏನೋ. ನಮ್ಮ ಮನೆಯಲ್ಲಿ ಅದು "ನಾರು ತಗದಿಡು" ಎಂದಾಗಿ ಉಳಿದಿದೆ. ಏಳು ತಲೆಮಾರು ಬಾಯಿಂದ ಬಾಯಿಗೆ ಬಂದ ಮಾತು, ಹುಟ್ಟಿದಾಗ ಹೇಗಿತ್ತೋ ಹೇಳುವವರಿಲ್ಲ. ವೀರಮ್ಮಜ್ಜಿ, ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳನ್ನು ಸರಿಸಮ ಮಾಡಿದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನಿಸಬಹುದು, ಕ್ಷಮಿಸಿ. ನೀವು ಹೊಟ್ಟೆ ತುಂಬ ಉಂಡೂ ಅದನ್ನು "ಡಯಟ್" ಎನ್ನುತ್ತಿದ್ದಿರಂತೆ; ಅದು ನನಗೂ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಇಲ್ಲಿ ಮನೆಗಳಲ್ಲಿ ಒಲೆ ಹೊತ್ತಿಸುವುದಿಲ್ಲ. ಬಿಸಿಲು ಅಷ್ಟಿದೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೆ ಬಿಸಿಲುಮುಚ್ಚು ಎನ್ನುತ್ತೇವೆ. ಒಂದೊಂದು ಬೀದಿಗೆ ಒಂದೊಂದು ಬೀದಿಒಲೆ ಇದೆ, ನೆಲದಡಿಯ ತಂಪಿನಲ್ಲಿ. ಸಂಜೆ ಅಲ್ಲಿಂದ ಮನೆಮನೆಗೆ ಬುತ್ತಿ ಬರುತ್ತದೆ. ರೊಟ್ಟಿ, ಗೋರಿಕಾಯಿ ಪಲ್ಯ, ಮೆಂತ್ಯಸೊಪ್ಪು, ಒಂದಿಷ್ಟು ಶೇಂಗಾ ಚಟ್ನಿ. ನೀವು ಉಣ್ಣುತ್ತಿದ್ದುದಕ್ಕಿಂತ ಬೇರೆಯದೇನಲ್ಲ. ಬುತ್ತಿಯ ಮುಚ್ಚಳದ ಮೇಲೆ ಎರಡು ಅಂಕಿ ಒತ್ತಿರುತ್ತಾರೆ. ದೊಡ್ಡದು ಕಾರ್ಬೋಹೈಡ್ರೇಟು, ಅದರ ಕೆಳಗೆ ಸಣ್ಣದಾಗಿ ನಾರು. ದೊಡ್ಡದಕ್ಕೆ ಮುಚ್ಚಳದಂಕಿ ಎನ್ನುತ್ತಾರೆ. ಅದು ಹೇಗೆ ಬರುತ್ತದೆಂದು ನಾನಂತೂ ಯಾರನ್ನೂ ಕೇಳಿರಲಿಲ್ಲ. ದಿನವೂ ಕಣ್ಣಿಗೆ ಬೀಳುವುದರ ಬಗ್ಗೆ ಯಾರು ಕೇಳುತ್ತಾರೆ?

ನಮ್ಮ ಮನೆಯಲ್ಲಿ ಮೊದಲ ತುತ್ತಿಗೆ ಮುಂಚೆ ಹಿರಿಯರು "ನಾರು ತಗದಿಡ್ರಿ" ಅನ್ನಬೇಕು. ಎಲ್ಲರೂ ಒಂದು ಚಿಟಿಕೆ ಪಲ್ಯವನ್ನು ತಾಟಿನ ಅಂಚಿಗೆ ಸರಿಸಿಡುತ್ತೇವೆ. ಅದನ್ನು ಕೊನೆಗೆ ತಿನ್ನಬೇಕು, ಆದರೆ ತಿಂದದ್ದೆಂದು ಎಣಿಸಬಾರದು. ಲೆಕ್ಕ ಬಾರದ ಮಕ್ಕಳಿಗೆ ಅಷ್ಟೇ ಸಾಕು. ಬಲ್ಲವರು ಮುಚ್ಚಳದಂಕಿಯಿಂದ ನಾರಿನ ಅಂಕಿಯನ್ನು ಮನಸ್ಸಿನಲ್ಲೇ ಕಳೆಯುತ್ತಾರೆ. ಬೇರೆಯವರು ದೇವರನ್ನು ನೆನೆಯುವ ಹೊತ್ತಿಗೆ ನಾವು ನಿಮ್ಮನ್ನು ನೆನೆಯುತ್ತೇವೆ. ಐವತ್ತರ ಹೊತ್ತಿಗೆ ನಿಮಗೆ ಸಕ್ಕರೆ ಕಾಯಿಲೆ ಬಂತೆಂದೂ, ನೀವು ರೊಟ್ಟಿ ಕಡಿಮೆ ಮಾಡಿ ಪೊಟ್ಟಣಗಳನ್ನು ತಿರುವಿ ತಿರುವಿ ಓದುತ್ತಿದ್ದಿರೆಂದೂ, ನಾರು ಸಕ್ಕರೆಯಾಗಿ ರಕ್ತಕ್ಕೆ ಸೇರುವುದಿಲ್ಲ, ಅದನ್ನು ಕಳೆದು ಎಣಿಸು ಎಂದು ಮಗಳಿಗೆ ಹೇಳಿಕೊಟ್ಟಿರೆಂದೂ ನನ್ನ ತಾಯಿ ಗುರುಸಿದ್ಧವ್ವ ಕತೆಯಂತೆ ಹೇಳುತ್ತಾಳೆ. ನಿಮ್ಮ ನಂತರ ಈ ಮನೆಯಲ್ಲಿ ಉಂಡದ್ದನ್ನು ಎಣಿಸಿ ಇನ್ಸುಲಿನ್ ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಹಾಗಾಗಿ ಕಳೆದದ್ದು ಸರಿಯೋ ತಪ್ಪೋ, ಯಾರ ಮೈಗೂ ತಟ್ಟಲಿಲ್ಲ.

ಈಗ ತಟ್ಟಿದೆ. ನನ್ನ ಮಗಳು ನೀಲಾಂಬಿಕೆಗೆ ಹತ್ತೊಂಬತ್ತು. ಚಿಕ್ಕಂದಿನಲ್ಲೇ ಅವಳ ಮೈ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿತು. ಅವಳ ತೋಳಿನ ಮೇಲೆ ಗುಂಡಿಯಷ್ಟಗಲದ ಬಿಲ್ಲೆಯೊಂದಿದೆ. ಉಣ್ಣುವ ಮೊದಲು ಎಷ್ಟು ಗ್ರಾಂ ಕಾರ್ಬೋಹೈಡ್ರೇಟು ಎಂದು ಅದಕ್ಕೆ ಹೇಳಬೇಕು, ಹೇಳಿದಷ್ಟಕ್ಕೆ ಸರಿಯಾಗಿ ಅದು ಇನ್ಸುಲಿನ್ ಬಿಡುತ್ತದೆ. ಕಡಿಮೆ ಹೇಳಿದರೆ ಕಡಿಮೆ. ಮನೆಯ ಪದ್ಧತಿಯಂತೆ ಅವಳು ನಾರು ಕಳೆದ ಅಂಕಿಯನ್ನೇ ಹೇಳುತ್ತಿದ್ದಳು. ಊಟವಾದ ಮೇಲೆ ಅವಳ ಸಕ್ಕರೆ ಏರಿದ್ದು ಇಳಿಯಲು ಬಹಳ ಹೊತ್ತು ಬೇಕಾಗುತ್ತಿತ್ತು. ಅವಳ ಪ್ರಕೃತಿಯೇ ಹಾಗೆ ಎಂದುಕೊಂಡಿದ್ದೆವು. ಈ ಬೇಸಿಗೆಗೆ ಮುಂಚೆ ಕಣ್ಣಿನ ವೈದ್ಯರು ಕಣ್ಣಿನ ಹಿಂಭಾಗದಲ್ಲಿ ರಕ್ತದ ಚುಕ್ಕೆಗಳಿವೆ, ಸಕ್ಕರೆ ಹೀಗೇ ಇದ್ದರೆ ಕಣ್ಣು ಉಳಿಯುವ ಭರವಸೆ ಕೊಡಲಾರೆ ಎಂದರು. ಗಾಳಿಯಂತ್ರದ ರೆಕ್ಕೆಗಳಲ್ಲಿ ಕೂದಲೆಳೆಯಂಥ ಬಿರುಕು ಹುಡುಕುವುದು ಅವಳ ಕೆಲಸ. ವೈದ್ಯರ ಮಾತಿಗೆ ಅವಳು ನಕ್ಕಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆಮೇಲೆ ಅವಳು ಕೆಲಸದ ಮೇಲೆ ಕಪ್ಪತಗುಡ್ಡಕ್ಕೆ ಹೋಗಿ ಕೆಲವು ದಿನ ಅಲ್ಲೇ ಉಳಿದಳು. ಅಲ್ಲಿಯೂ ಇಂಥದೇ ಬುತ್ತಿ, ಇಂಥದೇ ಮುಚ್ಚಳ. ನಾರು ತೆಗೆದಿಡು ಅನ್ನುವವರಿರಲಿಲ್ಲ, ಕಳೆಯುವ ಬೇಸರಕ್ಕೆ ಅವಳು ದೊಡ್ಡ ಅಂಕಿಯನ್ನೇ ಬಿಲ್ಲೆಗೆ ಹೇಳಿದಳು. ಸಕ್ಕರೆ ಹದಕ್ಕೆ ಬಂತು. ಮನೆಗೆ ಬಂದಳು, ಮತ್ತೆ ಏರಿತು. "ಹೊರಗಿಂದು ತಿಂದು ಬಂದೀ, ಮನಿ ಊಟ ಮೈಗೆ ಹತ್ತಾಕ ನಾಕ ದಿನ ಬೇಕವಾ" ಎಂದಳು ನನ್ನ ತಾಯಿ. ನೀಲಾ ಸುಮ್ಮನೆ ಕೂರುವವಳಲ್ಲ, ಬೀದಿಒಲೆಗೆ ಹೋಗಿ ವಿಚಾರಿಸಿ ಬಂದು ಬಾಗಿಲಲ್ಲೇ ನಿಂತು ಅಜ್ಜಿಗೆ ಹೇಳಿದಳು: "ಆಯಿ, ಅವ್ರು ನಾರು ಕಳದ ಮ್ಯಾಲೇ ದೊಡ್ಡ ಅಂಕಿ ಒತ್ತತಾರಂತ. ನಾವು ಮತ್ತ ಕಳೀತೀವಿ. ಒಂದಽ ನಾರು ಎಷ್ಟ ಸಲ ತಗೀತೀರಿ?"

"ನಿನ್ನ ಮುಚ್ಚಳಕ್ಕ ನಮ್ಮ ವೀರಮ್ಮಗಿಂತ ಹೆಚ್ಚ ಗೊತ್ತೈತೇನ?"

"ಮುಚ್ಚಳದ್ದು ಬಿಡು. ನನ್ನ ಕಣ್ಣಿಗೆ ಗೊತ್ತೈತಿ."

ನಿಮ್ಮ ಕಾಲದಲ್ಲೂ ಎರಡೂ ಬಗೆಯ ಪೊಟ್ಟಣಗಳಿದ್ದವೆಂದು ಆಮೇಲೆ ತಿಳಿದುಕೊಂಡೆ. ಕೆಲವು ದೇಶಗಳಲ್ಲಿ ನಾರನ್ನು ಒಟ್ಟು ಕಾರ್ಬೋಹೈಡ್ರೇಟಿನೊಳಗೇ ಸೇರಿಸಿ ಬರೆಯುತ್ತಿದ್ದರು, ಅಲ್ಲಿ ಕಳೆಯಬಹುದಿತ್ತು. ಕೆಲವು ಕಡೆ ಮೊದಲೇ ಬೇರೆ ಮಾಡಿ ಬರೆಯುತ್ತಿದ್ದರು, ಅಲ್ಲಿ ಕಳೆದರೆ ತಪ್ಪು. ನಾರಾದರೂ ಪೂರ್ತಿ ಸೊನ್ನೆಯೇನಲ್ಲ. ಒಂದು ಪಾಲು ಕರುಳಿನಲ್ಲಿ ಕರಗುತ್ತದೆ, ಉಂಡದ್ದನ್ನು ಹಿಡಿದು ಸಕ್ಕರೆಯನ್ನು ನಿಧಾನವಾಗಿ ಬಿಡುತ್ತದೆ. ನಾರನ್ನೆಲ್ಲ ಕಳೆಯುವವರೂ ಅರ್ಧವನ್ನು ಮಾತ್ರ ಕಳೆಯುವವರೂ ನಿಮ್ಮಲ್ಲಿದ್ದರು. ಇಷ್ಟು ಅಲುಗಾಡುವ ಒಂದು ಲೆಕ್ಕವನ್ನು ನಾವು ಇಷ್ಟು ಗಟ್ಟಿಯಾದ ಪದ್ಧತಿ ಮಾಡಿಕೊಂಡೆವಲ್ಲ ಎಂದು ಯೋಚಿಸುತ್ತ ಬಿಸಿಲುಮುಚ್ಚಿನಲ್ಲೂ ನನಗೆ ಕಣ್ಣು ಹತ್ತುತ್ತಿಲ್ಲ. ಎದ್ದು ಓಡಾಡುತ್ತೇನೆ. ಮುಚ್ಚಳಗಳನ್ನು ತಿರುವಿ ನೋಡುತ್ತೇನೆ. ನಮ್ಮ ಮನೆಯಲ್ಲಿ ಹೀಗೆ ಅರ್ಧಕ್ಕೆ ಉಳಿದ ಮಾತುಗಳು ಇನ್ನೆಷ್ಟಿವೆಯೋ.

ಇವತ್ತು ಸಂಜೆ ತಾಯಿ ಎಂದಿನಂತೆ "ನಾರು ತಗದಿಡ್ರಿ" ಎಂದಳು. ನೀಲಾ ಚಿಟಿಕೆ ಪಲ್ಯವನ್ನು ಅಂಚಿಗಿಟ್ಟಳು, ಮರ್ಯಾದೆಯಿಂದಲೇ. ಆದರೆ ಬಿಲ್ಲೆಗೆ ಮುಚ್ಚಳದಂಕಿಯನ್ನು ಇದ್ದ ಹಾಗೇ ಹೇಳಿದಳು, ಎಲ್ಲರಿಗೂ ಕೇಳುವಂತೆ. ತಾಯಿ ತಾಟು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ವೀರಮ್ಮ ಸುಳ್ಳ ಹೇಳಿದ್ಲೇನಪಾ?" ಎಂದಳು. ಇಲ್ಲ ಎಂದರೆ ನೀಲಾ ನಾಳೆಯಿಂದ ಮತ್ತೆ ಕಳೆಯಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಹೌದು ಎಂದರೆ ಅವಳು ಉಣ್ಣುವುದಿಲ್ಲ.

ನೀಲಾಳ ಕಣ್ಣಿನಲ್ಲಿ ಆದದ್ದು ಆಗಿದೆ. ಇನ್ನು ಮುಂದಿನದು ನಿಂತರೆ ಸಾಕು. ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಆ ಮಾತನ್ನು ನೀವು ಇನ್ನೂ ಹೇಳಿಲ್ಲವಾದರೆ ದಯವಿಟ್ಟು ಪೂರ್ತಿ ಹೇಳಿ, ನಾರನ್ನು ಯಾವುದರಿಂದ ಕಳೆಯಬೇಕು ಎಂಬುದನ್ನೂ ಸೇರಿಸಿ. ಹೇಳಿಯಾಗಿದ್ದರೆ ನನ್ನ ತಾಯಿಗೆ ಕೊಡಲು ಒಂದು ಉತ್ತರ ಬೇಕು. ಅವಳ ತಾಟು ಇನ್ನೂ ಹಾಗೇ ಇದೆ. ಅಡುಗೆಮನೆಯಲ್ಲಿ ನಿಂತು ಮಗಳಿಗೆ "ನಾರು ಲೆಕ್ಕಕ್ಕಿಲ್ಲ" ಎಂದಾಗ ನಿಮ್ಮ ಕೈಯಲ್ಲಿದ್ದ ಪೊಟ್ಟಣ ಯಾವ ಬಗೆಯದು, ವೀರಮ್ಮಜ್ಜಿ?