ಕಂಪ್ಲಿಯಲ್ಲಿ ಸಿಕ್ಕ ಬಾಗೇಶ್ರೀ

ನನ್ನ ಮನೆಯಾಕೆ ನೀಲಾಂಬಿಕೆಗೆ,

ಸಿಕ್ಕಿತು! ಬಾಗೇಶ್ರೀ ರಾಗದ ಆ ಚೀಜು, ನಮ್ಮ ಗುರುಗಳ ಆ ಹಾಡು, ಸಿಕ್ಕಿತು ನೋಡು! ಎಲ್ಲಿ ಗೊತ್ತೇನು? ನಿನ್ನ ತವರಿನಲ್ಲಿ, ಕಂಪ್ಲಿಯಲ್ಲಿ! ತಾಳು, ಹೇಳುತ್ತೇನೆ. ಅವಸರವೆಲ್ಲ ನನಗೇ.

ಬೆಳಿಗ್ಗೆ ನಾನು ರಿಯಾಜಿಗೆ ಕುಳಿತರೆ ನೀನು ಜೋಳ ಹಸನು ಮಾಡುತ್ತ, ಪಕ್ಕದಲ್ಲಿ ಪಾಟಿ ಇಟ್ಟುಕೊಂಡು ನಮ್ಮ ಪುಸ್ತಕಕ್ಕೆ ಸ್ವರ ಬರೆದುಕೊಳ್ಳುತ್ತಿದ್ದೆ. ಸಂಡೂರಿನ ಬೈಠಕ್ಕಿನಲ್ಲಿ ಹಾಡಿದ್ದು ಒಂದು ಬಗೆ, ಹೊಸಪೇಟೆಗೆ ಬಂದು ಹಾಡಿದ್ದು ಇನ್ನೊಂದು. ನಿನಗೆ ಸಿಟ್ಟು. "ನಿಲ್ಲಸ್ರಿ! ನಿನ್ನೆ ಹಿಂಗ ಹಾಡಿಲ್ಲ ನೀವು. ಯಾವುದು ಬರಕೊಳ್ಳಲಿ?"

"ಎರಡೂ ಖರೇನ."

"ನಿಮಗ ಖರೇ. ಪುಸ್ತಕ ನೋಡಿ ಕಲಿಯಾವ್ರ ಗತಿ ಏನ್ರಿ?"

ಒಂದು ಚೀಜನ್ನು ಎರಡು ಸಲ ಒಂದೇ ಥರ ಹಾಡಲು ಬಾರದವನು ಊರಿಗೆಲ್ಲ ಗ್ರಂಥಕರ್ತ!

ನೀನು ಕಣ್ಣು ಮುಚ್ಚಿದಾಗ ಪುಸ್ತಕಕ್ಕೆ ಆ ಬಾಗೇಶ್ರೀ ಒಂದೇ ಬಾಕಿ. ಗುರುಗಳು ಕೊಟ್ಟದ್ದು, ನನ್ನೊಬ್ಬನಲ್ಲೇ ಉಳಿದದ್ದು. ಬರೆಯಲು ಕುಳಿತೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲೇ ಬದಲಾಗಿರುತ್ತಿತ್ತು. ಗುರುಗಳು ಕಲಿಸಿದ್ದು ಯಾವುದು, ನಾನು ಕೂಡಿಸಿದ್ದು ಯಾವುದು... ಹೆದರಿದೆ, ನೀಲಾ. ಬಳ್ಳಾರಿಯ ಛಾಪಖಾನೆಯವರಿಗೆ ಕಾಗದ ಹಾಕುವುದನ್ನೇ ಬಿಟ್ಟೆ.

ಮೊನ್ನೆ ನಿನ್ನಣ್ಣ ಕರೆದನೆಂದು ಕಂಪ್ಲಿಗೆ ಹೋಗಿದ್ದೆ. ಹಿತ್ತಲಲ್ಲಿ ಅವನ ಮಗಳು ಗೌರಿ ಬಟ್ಟೆ ಒಗೆಯುತ್ತ ಹಾಡುತ್ತಿದ್ದಳು. ಅದೇ ಚೀಜು! ಗುರುಗಳ ಬಾಯಲ್ಲಿ ಕೇಳಿದ ಹಾಗೆಯೇ! ಓಡಿದೆ.

"ಯಾರು ಕಲಿಸಿದ್ರವ್ವಾ?"

"ಅತ್ತಿ ಕಲಿಸಿದ್ಲು, ಮಾಮಾ. ಜಡ್ಡಾಗಿ ಇಲ್ಲಿ ಮಲಗಿದ್ದಾಗ. ಕೈಯಾಗ ಪೆನ್ಸಿಲ್ ನಿಲ್ಲತಿದ್ದಿಲ್ಲ, ಬಾಯಿಪಾಠ ಮಾಡಿಸಿದ್ಲು. ಮದಿವಿ ಆದ ಹೊಸದಾಗ ನೀವು ಹಿಂಗ ಹಾಡ್ತಿದ್ರಂತ. ನಿಮಗ ಹೇಳಬ್ಯಾಡ ಅಂದಿದ್ಲು."

ನನಗೇಕೆ ಹೇಳಬಾರದಿತ್ತು? ತಡೆಯುತ್ತಿದ್ದೆನೇ? ತಡೆಯುತ್ತಿದ್ದೆ ಬಿಡು. ಮನೆಯ ಹೆಂಗಸರು ಹಾಡಕೂಡದು ಎಂದವನು ನಾನೇ ಅಲ್ಲವೇ?

ಗೌರಿ ಹಾಡಿದಳು, ನಾನು ಬರೆದುಕೊಂಡೆ. ಪುಸ್ತಕ ಅಚ್ಚಿಗೆ ಹೋಯಿತು ನೀಲಾ! ಮೊದಲ ಪುಟದಲ್ಲಿ ನಿನ್ನ ಹೆಸರು ಮೇಲೆ, ನನ್ನದು ಕೆಳಗೆ. ಛಾಪಖಾನೆಯವರು ಹುಬ್ಬೇರಿಸಿದರು, ಏರಿಸಲಿ. ಸೋಮವಾರದಿಂದ ನಮ್ಮ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೂ ಪಾಠ. ಗೌರಿಯೂ ಬರುತ್ತಾಳೆ.

ಬಹಳ ಚೆನ್ನಾಗಿ ಹಾಡುತ್ತೀ ಎಂದು ಅವಳ ಬೆನ್ನು ತಟ್ಟಿದೆ. "ಅತ್ತಿ ಹಾಡಿದ್ದರ ಮುಂದ ಇದೇನೂ ಅಲ್ಲ ಮಾಮಾ" ಅಂದಳು.

ಹದಿನೆಂಟು ವರ್ಷ ಸಂಸಾರ ಮಾಡಿದೆವು. ನಿನ್ನ ಹಾಡು ನಾನು ಒಂದು ದಿನವೂ ಕೇಳಲಿಲ್ಲ.