ರೊಟ್ಟಿಯ ಸದ್ದಿಗೆ ಬಂದ ಪೊಲೀಸರು

ಕ್ಯಾರಿ, ಅಮೆರಿಕ, ಮಂಗಳವಾರ

ಅಕ್ಕಾ,

ನಿನ್ನೆ ಮಗಳು ಕೆಲಸಕ್ಕೆ ಹೋದ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಾಲ್ಕನೆಯದಕ್ಕೆ ಬಾಗಿಲಲ್ಲಿ ಇಬ್ಬರು ಪೊಲೀಸರು! ಪಕ್ಕದ ಮನೆಯವರು ಗೋಡೆಯಾಚೆಯಿಂದ ಸದ್ದು ಕೇಳಿ ಫೋನ್ ಮಾಡಿದ್ದರಂತೆ. ಮೊಮ್ಮಗಳು ಮಾಯಾ, "ಅಜ್ಜಿ, ನೀನು ಯಾರನ್ನ ಹಿಟ್ ಮಾಡ್ತಿದ್ದೀಯ ಅಂತ ಕೇಳ್ತಿದ್ದಾರೆ" ಎಂದಳು. ಒಬ್ಬ ಆಗಲೇ ಬಗ್ಗಿ ಅವಳ ತೋಳುಗಳನ್ನು ನೋಡುತ್ತಿದ್ದ.

ನನಗೆಲ್ಲಿಯ ಇಂಗ್ಲಿಷ್! ಒಳಗೆ ಕರೆದು, ಅವರೆದುರೇ ಇನ್ನೊಂದು ಬಡಿದು ತೋರಿಸಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ ರೊಟ್ಟಿ ನಡುವೆ ಹರಿಯಿತು. ಅವರು ನಕ್ಕು ಹೋದರು.

ಮಂಡಿನೋವು ಕಡಿಮೆಯಿದೆ. ಇವತ್ತು ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿದೆ. ಅವ್ವನಿಗೆ ಪೊಲೀಸರು ಬಂದದ್ದನ್ನು ಬೇಕಾದರೆ ಹೇಳು, ಲಟ್ಟಣಿಗೆಯ ಸುದ್ದಿ ಮಾತ್ರ ಹೇಳಬೇಡ.

ಕಾರ್ಡು ತುಂಬಿತು.
ತಂಗಿ ನೀಲಗಂಗಾ